ಕೊರೆಯುವ ಫ್ರಿಜ್ಜಿಗೆ ಬೇಕಿರುವುದು ಗ್ಯಾಸ್ ಅಲ್ಲ

ಫ್ರಿಜ್ ತಂಪು ಮಾಡುವುದನ್ನು ನಿಲ್ಲಿಸಿದರೆ ಮನೆಮಂದಿಗೆ ಅದೇ ದಿನ ಗೊತ್ತಾಗುತ್ತದೆ. ಹಾಲು ಒಡೆಯುತ್ತದೆ, ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತದೆ, ಸಂಜೆಯೊಳಗೆ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಅದೇ ಫ್ರಿಜ್ ಬೇಕಾದ್ದಕ್ಕಿಂತ ಹೆಚ್ಚು ತಂಪು ಮಾಡತೊಡಗಿದರೆ ವಾರಗಟ್ಟಲೆ ಯಾರೂ ಅದು ಕೆಟ್ಟಿದೆ ಎಂದುಕೊಳ್ಳುವುದಿಲ್ಲ. ಮೊಸರಿನ ಮೇಲೆ ತೆಳುವಾದ ಐಸ್ ಪದರ ಕಂಡರೆ ಚಮಚದಿಂದ ಸರಿಸಿ ಬಡಿಸುತ್ತಾರೆ. ಹಿಂಬದಿಯ ಗೋಡೆಗೆ ತಾಗಿಕೊಂಡಿದ್ದ ಸೌತೆಕಾಯಿಯ ಒಂದು ಮಗ್ಗುಲು ಮಾತ್ರ ಕಡು ಹಸಿರಾಗಿ, ನೀರು ತುಂಬಿಕೊಂಡ ಹಾಗೆ ತಿಳಿಯಾಗಿರುತ್ತದೆ. ಹೊರಗಿಟ್ಟ ಸ್ವಲ್ಪ ಹೊತ್ತಿಗೆ ಆ ಮಗ್ಗುಲು ಮೆತ್ತಗಾಗಿ ಸೋರತೊಡಗುತ್ತದೆ. ಕೊತ್ತಂಬರಿ ಸೊಪ್ಪಿನ ಕಟ್ಟು ಐಸ್ ಬಿಟ್ಟ ಮೇಲೆ ಕಪ್ಪಗೆ ಅಂಟಂಟಾಗುತ್ತದೆ. ತರಕಾರಿಯೇ ಚೆನ್ನಾಗಿರಲಿಲ್ಲ ಎಂದು ಮಾರಿದವರ ಮೇಲೆ ದೂರು ಬೀಳುತ್ತದೆ. ಕೊನೆಗೊಮ್ಮೆ ಮೆಕ್ಯಾನಿಕ್ ಬಂದು ‘ಗ್ಯಾಸ್ ನೋಡಬೇಕು’ ಎಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತೇವೆ, ಏಕೆಂದರೆ ಫ್ರಿಜ್ಜಿನ ಯಾವ ಕಾಯಿಲೆಗೂ ನಾವು ಕೇಳಿರುವುದು ಅದೊಂದೇ ಮದ್ದು. ಒಪ್ಪುವ ಮೊದಲು ಸ್ವಲ್ಪ ಯೋಚಿಸಬೇಕು. ಅತಿಯಾಗಿ ಕೊರೆಯುವ ಫ್ರಿಜ್ಜಿನಲ್ಲಿ ತಂಪು ಹುಟ್ಟಿಸುವ ಯಂತ್ರ ಗಟ್ಟಿಮುಟ್ಟಾಗಿಯೇ ಇದೆ. ‘ಸಾಕು, ನಿಲ್ಲು’ ಎಂದು ಅದಕ್ಕೆ ಹೇಳಬೇಕಾದ ಜಾಗದಲ್ಲಿ, ಅಥವಾ ಹುಟ್ಟಿದ ತಂಪನ್ನು ಹಂಚುವ ಜಾಗದಲ್ಲಿ ಎಡವಟ್ಟಾಗಿದೆ. ಹುಡುಕಬೇಕಾದದ್ದು ಅಲ್ಲಿ, ಮತ್ತು ಆ ಹುಡುಕಾಟದ ಮುಕ್ಕಾಲು ಪಾಲು ಯಾವ ಸ್ಕ್ರೂ ಬಿಚ್ಚದೆಯೇ ಮನೆಯಲ್ಲಿ ಆಗುವಂಥದ್ದು.

ಎಷ್ಟು ತಂಪು ಸಾಕು ಎಂಬುದರಿಂದ ಶುರು ಮಾಡೋಣ. ಬೇಗ ಕೆಡುವ ಆಹಾರವನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ; 5ರಿಂದ 60 ಡಿಗ್ರಿಯವರೆಗಿನ ವಲಯದಲ್ಲಿ ರೋಗಾಣುಗಳು ಚುರುಕಾಗಿ ಬೆಳೆಯುತ್ತವೆ. ಫ್ರೀಜರ್‌ಗೆ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಗುರಿ -18 ಡಿಗ್ರಿ. ಹೀಗಾಗಿ ಕೆಳಗಿನ ಅಂಕಣಕ್ಕೆ 3ರಿಂದ 4 ಡಿಗ್ರಿ ಹದವಾದದ್ದು. ಇನ್ನೊಂದು ತುದಿ ಇಲ್ಲಿಂದ ದೂರವೇನಿಲ್ಲ. ಹಾಲು ಗಟ್ಟಿಯಾಗತೊಡಗುವುದು ಸುಮಾರು -0.5 ಡಿಗ್ರಿಯಲ್ಲಿ, ಸೌತೆಕಾಯಿ, ಸೊಪ್ಪುಗಳೂ ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ. ಸುರಕ್ಷಿತ ತಂಪಿಗೂ ಹಾನಿ ಮಾಡುವ ತಂಪಿಗೂ ನಡುವೆ ಇರುವುದು ನಾಲ್ಕೈದು ಡಿಗ್ರಿಯ ಓಣಿ ಮಾತ್ರ. ಆ ಗೆರೆ ದಾಟಿದಾಗ ತರಕಾರಿಯೊಳಗಿನ ನೀರು ನಿಧಾನವಾಗಿ ಹರಳುಗಟ್ಟುತ್ತದೆ. ನಿಧಾನವಾಗಿ ಕಟ್ಟಿದ ಹರಳುಗಳು ದೊಡ್ಡವಾಗಿರುತ್ತವೆ, ಜೀವಕೋಶದ ಗೋಡೆಗಳನ್ನು ಹರಿಯುತ್ತವೆ. ಕರಗಿದ ಮೇಲೆ ಆ ಕಾಯಿ ಮತ್ತೆ ಗರಿಗರಿಯಾಗುವುದಿಲ್ಲ. ಹಾಲಿನಲ್ಲಿ ಕೊಬ್ಬು ಬೇರ್ಪಟ್ಟು ಕಣಕಣವಾಗಿ ತೇಲುತ್ತದೆ, ಮೊಸರು ನೀರು ಬಿಡುತ್ತದೆ, ಮೊಟ್ಟೆಯ ಚಿಪ್ಪು ಸೀಳುತ್ತದೆ. ಇವೆಲ್ಲ ರುಚಿಯ, ದುಡ್ಡಿನ ನಷ್ಟ. ಇನ್ಸುಲಿನ್ ವಿಷಯ ಬೇರೆ. ಬಳಕೆ ಶುರುವಾಗದ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8 ಡಿಗ್ರಿ, ಮತ್ತು ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಎಸೆಯಲೇಬೇಕು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಶಕ್ತಿ ಕುಂದಿರುತ್ತದೆ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಅತಿ ತಂಪಿನ ಫ್ರಿಜ್ಜನ್ನು ಸಹಿಸಿಕೊಂಡು ಹೋಗುವುದು ಸಲ್ಲದು.

‘ತಂಪು ಹೆಚ್ಚಿದಷ್ಟೂ ಆಹಾರ ಹೆಚ್ಚು ಕಾಲ ಉಳಿಯುತ್ತದಲ್ಲವೇ’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ: 8 ಡಿಗ್ರಿಯಿಂದ 4ಕ್ಕೆ ಇಳಿಸಿದರೆ ನಿಜವಾಗಿಯೂ ಲಾಭವಿದೆ. 4ರಿಂದ -1ಕ್ಕೆ ಇಳಿಸಿದರೆ ತರಕಾರಿ, ಮೊಸರು ಹಾಳಾಗುತ್ತವೆ, ರೋಗಾಣುಗಳು ಮಾತ್ರ ಸಾಯುವುದಿಲ್ಲ. ತಂಪು ಅವುಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ. ಹೊರಗಿನ ಸೆಕೆಗೂ ಒಳಗಿನ ತಂಪಿಗೂ ಅಂತರ ಹೆಚ್ಚಿದಷ್ಟು ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಇಲ್ಲೊಂದು ಎಚ್ಚರಿಕೆ ಸೇರಿಸಬೇಕು: ಬಾಳೆಹಣ್ಣು ಕಪ್ಪಾದರೆ ಫ್ರಿಜ್ಜನ್ನು ದೂರಬೇಡಿ. ಅದಕ್ಕೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪೇ ಆಗಿಬರುವುದಿಲ್ಲ. ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಕಪ್ಪಾಗುತ್ತದೆ.

ಹಾಗಾದರೆ ಫ್ರಿಜ್ಜಿಗೆ ನಿಲ್ಲು ಎಂದು ಹೇಳುವವರು ಯಾರು? ನಮ್ಮ ಬಹುಪಾಲು ಮನೆಗಳಲ್ಲಿರುವ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಅದು ಥರ್ಮೋಸ್ಟಾಟ್ ಎಂಬ ಪುಟ್ಟ ಡಬ್ಬಿ. ನಾವು ತಿರುಗಿಸುವ ನಾಬ್‌ನ ಹಿಂದೆಯೇ ಅದು ಕುಳಿತಿರುತ್ತದೆ. ಅದರಿಂದ ಹೊರಟ ಕಡ್ಡಿಯಷ್ಟು ಸಪೂರವಾದ ಲೋಹದ ನಳಿಕೆಯ ತುದಿಯನ್ನು ಫ್ರೀಜರ್‌ನ ತಂಪಿನ ತಗಡಿಗೆ ಒತ್ತಿ ಕಟ್ಟಿರುತ್ತಾರೆ. ನಳಿಕೆಯೊಳಗೆ ಮುಚ್ಚಿಟ್ಟ ಅನಿಲ ತಣ್ಣಗಾದಾಗ ಒತ್ತಡ ಕಡಿಮೆಯಾಗಿ ಸ್ವಿಚ್ ಬಿಡುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಬೆಚ್ಚಗಾದಾಗ ಒತ್ತಡ ಏರಿ ಸ್ವಿಚ್ ಮತ್ತೆ ಸೇರುತ್ತದೆ. ನಾಬ್ ಮೇಲಿನ 1ರಿಂದ 7ರ ಅಂಕಿಗಳು ಡಿಗ್ರಿಗಳಲ್ಲ. ಎಷ್ಟು ತಣ್ಣಗಾದ ಮೇಲೆ ಸ್ವಿಚ್ ಬಿಡಬೇಕು ಎಂಬುದರ ಬಿಗಿಯನ್ನಷ್ಟೇ ಅವು ಸೂಚಿಸುತ್ತವೆ: ಅಂಕಿ ದೊಡ್ಡದಾದಷ್ಟು ತಂಪು ಹೆಚ್ಚು. 5ಕ್ಕೆ ಇಟ್ಟರೆ 5 ಡಿಗ್ರಿ ಎಂದು ತಿಳಿದವರು ಬಹಳ ಮಂದಿ, ತಂಪು ಕಡಿಮೆ ಮಾಡಲು 4ರಿಂದ 6ಕ್ಕೆ ತಿರುಗಿಸುವವರೂ ಇದ್ದಾರೆ. ಅವರದ್ದು ತಪ್ಪೆನ್ನಲಾಗದು, ತಾಪಮಾನ ಹೇಳುವ ಜಾಗದಲ್ಲಿ ಅಂಕಿ ಬರೆದು ಅದು ತಾಪಮಾನವಲ್ಲ ಎಂದರೆ ಯಾರಿಗಾದರೂ ಗೊಂದಲವಾಗುತ್ತದೆ.

ಈ ರಚನೆಯಲ್ಲೇ ಇನ್ನೊಂದು ಸೂಕ್ಷ್ಮವಿದೆ, ಡಿಸೆಂಬರ್ ತಿಂಗಳಲ್ಲಿ ಬರುವ ದೂರುಗಳಿಗೆ ಅದೇ ಉತ್ತರ. ಥರ್ಮೋಸ್ಟಾಟ್ ಅಳೆಯುವುದು ಫ್ರೀಜರ್ ತಗಡಿನ ತಂಪನ್ನು, ನಿಮ್ಮ ಮೊಸರಿನ ತಂಪನ್ನಲ್ಲ. ಗೋಡೆಗಳ ಮೂಲಕ, ಬಾಗಿಲು ತೆರೆದಾಗ, ಬಿಸಿ ಪಾತ್ರೆಗಳಿಂದ ಒಳಗೆ ಬರುವ ಶಾಖವೇ ಕೆಳಗಿನ ಅಂಕಣವನ್ನು ಆ ತಗಡಿಗಿಂತ ಬೆಚ್ಚಗೆ ಇಡುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಶಾಖ ಧಾರಾಳವಾಗಿ ಒಳಗೆ ಬರುತ್ತದೆ, ನಾಬ್ 6ರಲ್ಲಿದ್ದರೂ ತರಕಾರಿ ಹೆಪ್ಪುಗಟ್ಟುವುದಿಲ್ಲ. ಅದೇ ನಾಬ್ ಅದೇ 6ರಲ್ಲಿ ಡಿಸೆಂಬರ್‌ವರೆಗೂ ಉಳಿದರೆ? ಬೀದರ್‌ನ ರಾತ್ರಿಯಲ್ಲಿ, ಮಲೆನಾಡಿನ ಮುಂಜಾವದಲ್ಲಿ ಒಳಗೆ ಬರುವ ಶಾಖ ತೀರಾ ಕಡಿಮೆ. ಕೆಳಗಿನ ಅಂಕಣ ಜಾರುತ್ತ ಜಾರುತ್ತ ಫ್ರೀಜರ್ ತಗಡಿನ ತಂಪಿನತ್ತ ಸಾಗುತ್ತದೆ. ಯಾವ ಭಾಗವೂ ಕೆಟ್ಟಿಲ್ಲ. ಋತು ಬದಲಾಗಿದೆ, ನಾಬ್ ಬದಲಾಗಿಲ್ಲ. ಮಳೆಗಾಲ ಹಿಡಿದ ಮೇಲೆ ಒಮ್ಮೆ, ಚಳಿ ಬಿದ್ದ ಮೇಲೆ ಇನ್ನೊಮ್ಮೆ ನಾಬ್ ಇಳಿಸುವ ಅಭ್ಯಾಸವಿದ್ದರೆ ‘ಫ್ರಿಜ್ ಕೊರೆಯುತ್ತಿದೆ’ ಎಂಬ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಇದೆಲ್ಲ ಊಹೆಯಾಗಿ ಉಳಿಯಬಾರದೆಂದರೆ ಅಳೆಯಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಅದು ಸುಮಾರು 35 ಡಿಗ್ರಿಯಿಂದ ಮೇಲಷ್ಟೇ ತೋರಿಸುತ್ತದೆ. ಸೊನ್ನೆಗಿಂತ ಕೆಳಗೂ ತೋರಿಸುವ, ಕಡಿಮೆ ಬೆಲೆಯ ಅಡುಗೆಮನೆ ಥರ್ಮಾಮೀಟರ್ ಬೇಕು. ಅದು ಸರಿಯಾಗಿದೆಯೇ ಎಂದು ನೋಡಲು ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿದರೆ ಸಾಕು, ಸೊನ್ನೆಯ ಹತ್ತಿರ ನಿಲ್ಲಬೇಕು. ಆಮೇಲೆ ಒಂದು ಲೋಟ ನೀರಿನಲ್ಲಿ ಅದನ್ನಿಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೊದಲ ಸಲ ಬಾಗಿಲು ತೆರೆದ ಕೂಡಲೇ ಓದಬೇಕು. ನೀರೇ ಯಾಕೆಂದರೆ ಒಳಗಿನ ಗಾಳಿಯ ತಾಪಮಾನ ಕಂಪ್ರೆಸರ್ ಓಡಿ ನಿಂತಂತೆಲ್ಲ ಏರಿಳಿಯುತ್ತದೆ, ಬಾಗಿಲು ತೆರೆದ ಗಳಿಗೆಯಲ್ಲೇ ಬದಲಾಗುತ್ತದೆ. ನೀರು ಆ ಏರಿಳಿತವನ್ನೆಲ್ಲ ನುಂಗಿ ಸರಾಸರಿಯನ್ನು ಹೇಳುತ್ತದೆ, ಹಾಲು ಮೊಸರು ಅನುಭವಿಸುವುದೂ ಆ ಸರಾಸರಿಯನ್ನೇ. ಮರುದಿನ ಲೋಟವನ್ನು ಹಿಂಬದಿ ಗೋಡೆಯ ಪಕ್ಕ, ಅದರ ಮರುದಿನ ತರಕಾರಿ ಡಬ್ಬದಲ್ಲಿ ಇಟ್ಟು ನೋಡಿ. ನಡುವೆ 4 ಇದ್ದು ಹಿಂದೆ ಮಾತ್ರ ಸೊನ್ನೆ ಬಂದರೆ ಸಮಸ್ಯೆ ಜಾಗದ್ದು. ಎಲ್ಲ ಕಡೆಯೂ ಸೊನ್ನೆಯ ಸುತ್ತ ಬಂದರೆ ಸಮಸ್ಯೆ ನಿಯಂತ್ರಣದ್ದು. ಮುಂದಿನ ಇಡೀ ಹುಡುಕಾಟ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ, ಇದನ್ನು ತಿಳಿಯದೆ ಯಾವ ಭಾಗವನ್ನೂ ಬದಲಿಸಬಾರದು. ನಾಬ್ ತಿರುಗಿಸುವುದಾದರೆ ಒಂದು ಅಂಕಿಯಷ್ಟೇ ತಿರುಗಿಸಿ 24 ಗಂಟೆ ಕಾಯಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ತಿರುಗಿಸುತ್ತ ಹೋದರೆ ಯಾವುದರಿಂದ ಏನಾಯಿತೆಂದು ಫ್ರಿಜ್ಜಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಜಾಗದ ಸಮಸ್ಯೆ ಬಗೆಹರಿಯುವುದು ಸುಲಭ. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಕೆಳಗೆ ಒಂದು ಚಿಲ್ ಟ್ರೇ ಇರುತ್ತದೆ. ಕರಗಿದ ನೀರು ಹಿಡಿಯುವುದಷ್ಟೇ ಅದರ ಕೆಲಸವೆಂದು ತಿಳಿದು, ದೊಡ್ಡ ಪಾತ್ರೆ ಹಿಡಿಸಲು ಅದನ್ನು ತೆಗೆದು ಅಟ್ಟಕ್ಕೆ ಹಾಕುವ ಮನೆಗಳಿವೆ. ಆದರೆ ಫ್ರೀಜರ್‌ನಿಂದ ಇಳಿಯುವ ತಂಪಿನ ಗಾಳಿ ನೇರವಾಗಿ ಕೆಳಗೆ ಸುರಿಯದಂತೆ ತಡೆಯುವುದೂ ಅದೇ. ಟ್ರೇ ಇಲ್ಲದ ಫ್ರಿಜ್ಜಿನಲ್ಲಿ ಮೇಲಿನ ತಟ್ಟೆಯ ಹಾಲು ಗಟ್ಟಿಯಾದರೆ ಅಚ್ಚರಿಯಿಲ್ಲ. ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಹಿಂಬದಿ ಗೋಡೆಯ ಸೀಳುಗಳಿಂದ ಫ್ಯಾನಿನ ತಂಪುಗಾಳಿ ಬರುತ್ತದೆ. ಆ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗಿನದು. ಅದರೆದುರು ಇಟ್ಟ ಸೊಪ್ಪು ಹೆಪ್ಪುಗಟ್ಟಲೇಬೇಕು. ಸೀಳಿಗೆ ಅಡ್ಡಲಾಗಿ ಪಾತ್ರೆ ಇಟ್ಟರೆ ಅದೂ ಕಷ್ಟ: ಗಾಳಿ ತಿರುಗದೆ, ತಾಪಮಾನ ಅಳೆಯುವ ಸೆನ್ಸರ್ ಇರುವ ಮೂಲೆ ಬೆಚ್ಚಗೇ ಉಳಿದು, ಇನ್ನೂ ತಂಪು ಬೇಕೆಂದು ಯಂತ್ರ ಓಡುತ್ತದೆ. ತೀರಾ ಖಾಲಿ ಫ್ರಿಜ್ಜಿನಲ್ಲೂ ಹೀಗಾಗುವುದುಂಟು, ತಂಪನ್ನು ಹೀರಿಕೊಳ್ಳಲು ಸಾಮಾನೇ ಇಲ್ಲದಾಗ ಇದ್ದ ಒಂದು ಕಟ್ಟು ಸೊಪ್ಪಿನ ಮೇಲೆ ಎಲ್ಲ ತಂಪೂ ಬೀಳುತ್ತದೆ. ಎರಡು ಮೂರು ನೀರಿನ ಬಾಟಲಿ ಇಟ್ಟರೆ ಅದಕ್ಕೆ ಪರಿಹಾರ. ಹೊಸ ಮಾದರಿಗಳಲ್ಲಿ ಗುಂಡಿಗಳನ್ನೂ ನೋಡಬೇಕು. ಬೇಗ ತಂಪು ಮಾಡುವ ಗುಂಡಿಯನ್ನು ಮಕ್ಕಳು ಒತ್ತಿರಬಹುದು. ಫ್ರೀಜರ್ ಅನ್ನು ಫ್ರಿಜ್ ಆಗಿ ಬದಲಿಸುವ ‘ಕನ್ವರ್ಟಿಬಲ್’ ಮಾದರಿಯಲ್ಲಿ ಆ ಆಯ್ಕೆ ಯಾರಿಗೂ ತಿಳಿಯದೆ ಹಿಂದಿರುಗಿದ್ದರೆ ಮೇಲಿಟ್ಟ ತರಕಾರಿಯೆಲ್ಲ ಬೆಳಗಾಗುವುದರೊಳಗೆ ಕಲ್ಲಾಗುತ್ತದೆ.

ಎಲ್ಲ ಕಡೆಯೂ ಸೊನ್ನೆ, ನಾಬ್ 1ಕ್ಕೆ ಇಳಿಸಿ ಒಂದು ದಿನ ಕಳೆದರೂ ಸೊನ್ನೆ ಎಂದಾದರೆ ಈಗ ಭಾಗಗಳ ಸರದಿ. ಒಂಟಿ ಬಾಗಿಲಿನದಾದರೆ ನಾಬ್‌ನ್ನು ಸೊನ್ನೆಗೆ, ಅಂದರೆ ಆಫ್‌ಗೆ, ತಿರುಗಿಸಿ ಕಿವಿಗೊಡಿ. ಕಂಪ್ರೆಸರ್ ಸದ್ದು ನಿಲ್ಲಬೇಕು. ನಿಲ್ಲದಿದ್ದರೆ ಥರ್ಮೋಸ್ಟಾಟ್ ಒಳಗಿನ ಸಂಪರ್ಕದ ತುದಿಗಳು ಕರಗಿ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಸೊನ್ನೆಯಲ್ಲಿ ನಿಂತು 1ರಲ್ಲಿ ಮಾತ್ರ ಎಂದೂ ನಿಲ್ಲದೆ ಓಡುತ್ತಿದ್ದರೆ ನಳಿಕೆಯ ತುದಿ ತಗಡಿನಿಂದ ಬಿಟ್ಟುಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ ಹದ ತಪ್ಪಿದೆ. ತಗಡು ಕೊರೆಯುತ್ತಿದ್ದರೂ ಅದನ್ನು ಮುಟ್ಟದ ನಳಿಕೆಗೆ ತಂಪು ತಿಳಿಯುವುದಿಲ್ಲ. ಚಾಕುವಿನಿಂದ ಐಸ್ ಕೆತ್ತುವಾಗ ನಳಿಕೆ ಸರಿಯುವುದು ಸಾಮಾನ್ಯ. ಅದೇ ಚಾಕು ಅಲ್ಯೂಮಿನಿಯಂ ತಗಡನ್ನು ತೂತು ಮಾಡಿದರೆ ಗ್ಯಾಸ್ ಪೂರ್ತಿ ಹೋಗಿ ದುರಸ್ತಿ ದುಬಾರಿಯಾಗುತ್ತದೆ. ಹಾಗಾಗಿ ಐಸ್ ತನ್ನಷ್ಟಕ್ಕೆ ಕರಗಲು ಬಿಡಬೇಕು. ನಳಿಕೆಯನ್ನು ಮರಳಿ ಬಿಗಿದು ಕಟ್ಟಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಥರ್ಮೋಸ್ಟಾಟ್ ಬದಲಿಸಬೇಕಾಗಿ ಬಂದರೂ ಅದು ಕೆಲವು ನೂರು ರೂಪಾಯಿಯ ಭಾಗ, ಆದರೆ ಪ್ಲಗ್ ಕಿತ್ತ ಮೇಲೆ ತಿಳಿದವರೇ ಮಾಡಬೇಕಾದ ಕೆಲಸ.

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಕಥೆ ಬೇರೆ. ಅಲ್ಲಿ ತಂಪು ಹುಟ್ಟುವುದು ಸಾಮಾನ್ಯವಾಗಿ ಫ್ರೀಜರ್‌ನ ಹಿಂದೆ, ಒಂದೇ ಕಡೆ. ಅಲ್ಲಿಂದ ಕೆಳಗಿನ ಅಂಕಣಕ್ಕೆ ಎಷ್ಟು ಗಾಳಿ ಹೋಗಬೇಕು ಎಂಬುದನ್ನು ಡ್ಯಾಂಪರ್ ಎಂಬ ಸಣ್ಣ ಕದ ತೀರ್ಮಾನಿಸುತ್ತದೆ. ತೇವ ಸೇರಿ ಐಸ್ ಕಟ್ಟಿ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಫ್ರೀಜರ್‌ನ ಗಾಳಿ ತಡೆಯಿಲ್ಲದೆ ಕೆಳಗೆ ಬರುತ್ತದೆ. ಫ್ರೀಜರ್ ಸರಿಯಾಗಿದ್ದು ಕೆಳಗೆ ಮಾತ್ರ ಅತಿ ತಂಪು ಎಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಸಾಮಾನನ್ನೆಲ್ಲ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ಹಗಲು ಬಿಟ್ಟರೆ ಸಿಕ್ಕಿಕೊಂಡ ಐಸ್ ಕರಗಿ ಕದ ಸಡಿಲವಾಗಬಹುದು. ಮತ್ತೆ ಮತ್ತೆ ಸಿಕ್ಕಿಕೊಂಡರೆ ಬದಲಿಸಬೇಕು. ಅನೇಕ ಮಾದರಿಗಳಲ್ಲಿ ಎರಡು ನಾಬ್‌ಗಳಿದ್ದು, ಒಂದು ಕಂಪ್ರೆಸರ್‌ನ್ನು, ಇನ್ನೊಂದು ಈ ಕದವನ್ನು ಆಳುತ್ತದೆ. ಯಾವುದು ಯಾವುದೆಂದು ಜತೆಗೆ ಬಂದ ಪುಸ್ತಿಕೆಯಲ್ಲಿ ನೋಡದೆ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಸೆನ್ಸರ್ ಎರಡನೆಯ ಶಂಕಿತ. ತಣ್ಣಗಾದಷ್ಟು ಅದರ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ. ಹದಗೆಟ್ಟು ಪ್ರತಿರೋಧ ಕಡಿಮೆಯೇ ಉಳಿದರೆ ಒಳಗೆ ಇನ್ನೂ ಸೆಕೆಯಿದೆ ಎಂದು ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ನಂಬಿ ತಂಪು ಮಾಡುತ್ತಲೇ ಹೋಗುತ್ತದೆ. ಸೆನ್ಸರನ್ನು ಐಸ್‌ನೀರಿನಲ್ಲಿ ಅದ್ದಿ ಮಲ್ಟಿಮೀಟರ್‌ನಲ್ಲಿ ಓದಿ ಕಂಪನಿಯ ಕೋಷ್ಟಕದ ಜತೆ ಹೋಲಿಸಿದರೆ ಹತ್ತು ನಿಮಿಷದಲ್ಲಿ ಸತ್ಯ ಹೊರಬರುತ್ತದೆ. ಇದನ್ನು ಮಾಡದೆ ‘ಬೋರ್ಡ್ ಹೋಗಿದೆ’ ಎಂದರೆ ಒಪ್ಪಬೇಕಿಲ್ಲ, ಬೋರ್ಡ್ ಸೆನ್ಸರ್‌ಗಿಂತ ಬಹಳ ದುಬಾರಿ. ಇನ್ನು, ಬಾಗಿಲಿನ ಮೇಲೆ 3 ಎಂದು ಕಾಣುತ್ತಿದೆಯಲ್ಲ ಎಂಬ ವಾದ: ಎಷ್ಟೋ ಮಾದರಿಗಳಲ್ಲಿ ಅದು ನಾವು ಕೇಳಿಕೊಂಡ ತಾಪಮಾನ, ಒಳಗಿರುವುದಲ್ಲ. ಕಂಪ್ರೆಸರ್ ಸದಾ ಓಡುವುದು ಇನ್ವರ್ಟರ್ ಮಾದರಿಯಲ್ಲಿ ದೋಷದ ಗುರುತೂ ಅಲ್ಲ, ನಿಧಾನ ವೇಗದಲ್ಲಿ ಬಹಳ ಹೊತ್ತು ಓಡುವಂತೆಯೇ ಅದನ್ನು ರೂಪಿಸಿದ್ದಾರೆ.

ಬಾಗಿಲಿನ ರಬ್ಬರ್ ಸಡಿಲವಾದರೂ ಅತಿ ತಂಪು ಬರಬಹುದು ಎಂದರೆ ನಂಬುವುದು ಕಷ್ಟ. ಸೆಕೆ ಒಳಗೆ ಹೋದರೆ ತಂಪು ಕಡಿಮೆಯಾಗಬೇಕಲ್ಲವೇ? ಬಾಗಿಲ ಬಳಿ ಕಡಿಮೆಯಾಗುತ್ತದೆ ನಿಜ. ಸೆನ್ಸರ್ ಆ ಬೆಚ್ಚನೆ ಗಾಳಿಯ ದಾರಿಯಲ್ಲಿದ್ದರೆ ಯಂತ್ರ ಬಿಡುವಿಲ್ಲದೆ ಓಡುತ್ತದೆ, ಹಿಂಬದಿಯಲ್ಲಿರುವ ಸಾಮಾನು ಹೆಪ್ಪುಗಟ್ಟುತ್ತದೆ. ಮುಂದೆ ಬೆವರು, ಹಿಂದೆ ಐಸ್ ಎಂಬುದು ಇದರ ಲಕ್ಷಣ. ಕರಾವಳಿಯ ತೇವದ ಗಾಳಿಯಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ತಡೆಯಿಲ್ಲದೆ ಜಾರಿ ಬರುವ ಕಡೆ ರಬ್ಬರ್ ಹಿಡಿಯುತ್ತಿಲ್ಲ. ಜಿಡ್ಡು, ಹಿಟ್ಟು ಮೆತ್ತಿಕೊಂಡಿದ್ದರೆ ಬೆಚ್ಚನೆ ಸೋಪಿನ ನೀರಿನಿಂದ ಒರೆಸಿದರೆ ಸರಿಹೋಗುವುದುಂಟು.

ಈಗ ಗ್ಯಾಸ್‌ನ ಮಾತು. ಫ್ರಿಜ್ಜಿನ ಗ್ಯಾಸ್ ಬಳಸಿದಂತೆ ಖರ್ಚಾಗುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದು ಅಷ್ಟೇ ಪ್ರಮಾಣದಲ್ಲಿ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಸೋರಿದ ಫ್ರಿಜ್ಜಿನ ತಂಪು ಕುಗ್ಗುತ್ತದೆ, ಹೆಚ್ಚುವುದಿಲ್ಲ. ಅನುಭವಿ ಮೆಕ್ಯಾನಿಕ್ ಇಲ್ಲಿ ಒಂದು ಅಪವಾದ ತೋರಿಸಬಹುದು, ಅದು ನ್ಯಾಯವಾದದ್ದೇ: ಗ್ಯಾಸ್ ಅರೆಬರೆ ಸೋರಿದಾಗ ತಂಪಿನ ತಗಡಿನ ಆರಂಭದ ಭಾಗದಲ್ಲಿ ಮಾತ್ರ ದಟ್ಟ ಐಸ್ ಕಟ್ಟಿ ಉಳಿದ ಭಾಗ ಬರಿದಾಗಿರುತ್ತದೆ, ನಳಿಕೆ ಆ ಬರಿದಾದ ಕಡೆಯಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ, ಐಸ್ ಕಟ್ಟಿದ ಕಡೆ ಕೊರೆತ ಹೆಚ್ಚುತ್ತದೆ. ಆದರೆ ಈ ಸ್ಥಿತಿ ಕಣ್ಣಿಗೇ ಕಾಣುತ್ತದೆ. ಐಸ್ ಒಂದು ಮೂಲೆಯಲ್ಲಿ ಮಾತ್ರ ಇರುತ್ತದೆ, ಐಸ್‌ಕ್ರೀಂ ಮೆತ್ತಗಾಗಿರುತ್ತದೆ, ಲೋಟದ ನೀರು ಕೆಲವು ಕಡೆ 8, 10 ಡಿಗ್ರಿ ತೋರಿಸುತ್ತದೆ. ಎಲ್ಲ ಕಡೆ ಒಂದೇ ಸಮನೆ ಅತಿ ತಂಪಿರುವ, ಫ್ರೀಜರ್‌ನಲ್ಲಿ ಐಸ್‌ಕ್ರೀಂ ಕಲ್ಲಾಗಿರುವ ಫ್ರಿಜ್ಜಿಗೆ ಗ್ಯಾಸ್ ಹಾಕುವುದಕ್ಕೆ ಯಾವ ಆಧಾರವೂ ಇಲ್ಲ. ಅದರಲ್ಲಿ ಅಪಾಯವೂ ಇದೆ. ಇಂದಿನ ಬಹುಪಾಲು ಹೊಸ ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್, ಬೆಂಕಿ ಹತ್ತುವ ಅನಿಲ. ಮನೆ ಬಳಕೆಯ ಫ್ರಿಜ್ಜಿನಲ್ಲಿ ಅದರ ಪ್ರಮಾಣ 150 ಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಮಿತಿ ಹಾಕಿದೆ, ನಿಜವಾಗಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಇಷ್ಟು ಸಣ್ಣ ಪ್ರಮಾಣವನ್ನು ತೂಕ ಮಾಡದೆ ಅಂದಾಜಿನಲ್ಲಿ ತುಂಬಿಸಿದರೆ ಚೆನ್ನಾಗಿದ್ದ ಯಂತ್ರವೇ ಕೆಡುತ್ತದೆ. ಬೆಸುಗೆಯ ಉರಿ ಹಚ್ಚುವ ಜಾಗ ಅಡುಗೆಮನೆಯಾದರೆ ಹೆದರಿಕೆ ಇನ್ನೂ ದೊಡ್ಡದು.

‘ಇಷ್ಟೆಲ್ಲ ಯಾಕೆ, ರಾತ್ರಿ ಸ್ವಿಚ್ ಆಫ್ ಮಾಡಿದರಾಯಿತು’ ಎನ್ನುವವರ ಸರಳ ಉಪಾಯ ಹಲವು ಮನೆಗಳಲ್ಲಿ ರೂಢಿಯಲ್ಲಿದೆ. ಕರೆಂಟ್ ಉಳಿತಾಯವಾಗುತ್ತದೆ ಎಂಬ ನಂಬಿಕೆಯೂ ಅದಕ್ಕೆ ಸೇರಿಕೊಂಡಿದೆ. ಥರ್ಮೋಸ್ಟಾಟ್ ಮಾಡಬೇಕಾದ ಕೆಲಸವನ್ನು ಇದು ಕುರುಡಾಗಿ ಮಾಡುತ್ತದೆ. ಹಗಲು -2, ಬೆಳಗಿನ ಜಾವ 9 ಡಿಗ್ರಿ ಆದರೆ ಸರಾಸರಿ ಚೆನ್ನಾಗಿ ಕಾಣಬಹುದು. ಆದರೆ ಹಗಲು ಹೆಪ್ಪುಗಟ್ಟಿ ರಾತ್ರಿ ಕರಗುವ ಮೊಸರಿಗೆ, ಮಾಂಸಕ್ಕೆ, ಔಷಧಿಗೆ ಎರಡೂ ಕಡೆಯ ಹಾನಿ ತಟ್ಟುತ್ತದೆ. ಕಾರಣ ಗೊತ್ತಾಗಿ ಭಾಗ ಬರುವವರೆಗಿನ ಎರಡು ದಿನಕ್ಕೆ ಈ ಉಪಾಯ ಆದೀತು. ಆ ಎರಡು ದಿನ ಇನ್ಸುಲಿನ್ ಇದ್ದರೆ ನೆರೆಮನೆಯ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಮೆಕ್ಯಾನಿಕ್‌ನನ್ನು ಕರೆಯುವಾಗ ‘ಫ್ರಿಜ್ ಜಾಸ್ತಿ ಕೂಲ್ ಆಗ್ತಿದೆ’ ಎಂದಷ್ಟೇ ಹೇಳಿದರೆ ಅವರೂ ಊಹೆಯಿಂದಲೇ ಶುರು ಮಾಡಬೇಕಾಗುತ್ತದೆ. ನಡುತಟ್ಟೆಯಲ್ಲಿ ಇಷ್ಟು ಡಿಗ್ರಿ, ಹಿಂದೆ ಇಷ್ಟು, ನಾಬ್ 1ಕ್ಕೆ ಇಳಿಸಿ ಒಂದು ದಿನ ಕಾದರೂ ಬದಲಾಗಲಿಲ್ಲ, ಸೊನ್ನೆಗೆ ತಿರುಗಿಸಿದರೆ ಸದ್ದು ನಿಲ್ಲುತ್ತದೆ ಎಂದು ಹೇಳಿದರೆ ಯಾವ ಭಾಗ ಹಿಡಿದುಕೊಂಡು ಬರಬೇಕೆಂದು ಅವರಿಗೆ ಫೋನಿನಲ್ಲೇ ಅಂದಾಜಾಗುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್ ಇಂಥ ವಿವರವನ್ನು ಸ್ವಾಗತಿಸುತ್ತಾನೆಯೇ ಹೊರತು ಬೇಸರಪಡುವುದಿಲ್ಲ. ತಯಾರಕರಿಂದಲೂ ಒಂದು ಕೆಲಸ ಆಗಬೇಕಿದೆ. ಸಾವಿರಾರು ರೂಪಾಯಿಯ ಫ್ರಿಜ್ಜಿನ ಒಳಗೆ ಒಂದು ಸಾದಾ ಥರ್ಮಾಮೀಟರ್ ಇಡುವುದು, ನಾಬ್‌ನ ಪಕ್ಕ ‘ಬೇಸಿಗೆಗೆ ಇಷ್ಟು, ಚಳಿಗಾಲಕ್ಕೆ ಇಷ್ಟು’ ಎಂದು ಕನ್ನಡದಲ್ಲಿ ಬರೆಯುವುದು ದೊಡ್ಡ ಖರ್ಚಿನ ಮಾತಲ್ಲ. ಅದು ಆಗುವವರೆಗೆ ನಾವೇ ಒಂದು ಥರ್ಮಾಮೀಟರ್ ಕೊಂಡಿಟ್ಟುಕೊಳ್ಳಬೇಕು. ದುರಸ್ತಿ ಮುಗಿದ ಮೇಲೂ ಎರಡು ಬೆಳಗು ಅದನ್ನು ಓದಬೇಕು, ಹೊಸ ಥರ್ಮೋಸ್ಟಾಟ್ ಹಾಕಿದ ಫ್ರಿಜ್ಜಿಗೂ ನಾಬ್‌ನ ಸರಿಯಾದ ಅಂಕಿಯನ್ನು ಹೊಸದಾಗಿ ಹುಡುಕಬೇಕಾಗುತ್ತದೆ.